ಖರ್ಜೂರದ ಮರಕ್ಕೆ ಕಲ್ಲೆಸೆದ ಬಾಲಕ

(ಪಟ್ಟಣವೊಂದರ ಮದ್ರಸ ಸಭಾಂಗಣದಲ್ಲಿ ಜರಗಿದ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಭೆಯ ವ್ಯವಸ್ಥಾಪಕರು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಮಕ್ಕಳ ಬಗ್ಗೆ ತಮಗಿರುವ ದೂರುಗಳನ್ನು ಚೀಟಿಯಲ್ಲಿ ಬರೆದು, ಹೆಸರು ಹಾಕದೆ ಕೊಡುವಂತೆ ಹೆತ್ತವರನ್ನು ಕೇಳಿಕೊಂಡಿದ್ದರು. ಆ ಚೀಟಿಗಳನ್ನು ನಮ್ಮ ಕೈಗೆ ಕೊಟ್ಟಿದ್ದಾರೆ. ಅಸರ್ ನಮಾಝಿನ ಬಳಿಕ ಅವುಗಳನ್ನು ಒಂದೊಂದಾಗಿ ಓದಿದೆವು. ಹಠ ಮಾಡುತ್ತಾನೆ, ಸುಳ್ಳು ಹೇಳುತ್ತಾನೆ, ಮೊಬೈಲ್ ಕಿತ್ತುಕೊಂಡರೆ ತಟ್ಟೆ ಎಸೆಯುತ್ತಾನೆ, ತಮ್ಮನಿಗೆ ಹೊಡೆಯುತ್ತಾಳೆ, ಮದ್ರಸಕ್ಕೆ ಹೋಗಲು ಹೊಟ್ಟೆನೋವಿನ ನೆಪ ಹೇಳುತ್ತಾನೆ, ಎದುರು ಮಾತಾಡುತ್ತಾಳೆ. ಒಬ್ಬ ತಾಯಿ ಇಷ್ಟೇ ಬರೆದಿದ್ದಾರೆ: ಇವನಿಂದ ನಾನು ಸೋತು ಹೋಗಿದ್ದೇನೆ. ಆ ಒಂದು ಸಾಲನ್ನು ಓದಿದ ಮೇಲೆ, ಮನೆಯಿಂದ ಸಿದ್ಧಪಡಿಸಿ ತಂದಿದ್ದ ಭಾಷಣದ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆವು.

ಚೀಟಿಗಳಲ್ಲಿ ಒಂದು ಸಮಾನ ಅಂಶವಿತ್ತು. ಬಹುತೇಕ ಎಲ್ಲರೂ ಕೇಳಿರುವ ಪ್ರಶ್ನೆ, ‘ಇದನ್ನು ನಿಲ್ಲಿಸುವುದು ಹೇಗೆ?’ ಎಂಬುದು. ‘ಮಗು ಹೀಗೇಕೆ ಮಾಡುತ್ತಿದೆ?’ ಎಂದು ಕೇಳಿದವರು ಯಾರೂ ಇರಲಿಲ್ಲ. ಇದನ್ನು ಆಕ್ಷೇಪವಾಗಿ ಹೇಳುತ್ತಿಲ್ಲ. ನಾವೂ ತಂದೆಯೇ. ನಮ್ಮ ಮನೆಯಲ್ಲೂ ಆ ಎರಡನೆಯ ಪ್ರಶ್ನೆ ಬಹಳ ತಡವಾಗಿಯೇ ಹುಟ್ಟಿತು. ಅದನ್ನು ಮುಂದೆ ಹೇಳುತ್ತೇವೆ.

ಮದೀನಾದಲ್ಲಿ ನಡೆದ ಒಂದು ಘಟನೆಯನ್ನು ತಮ್ಮಲ್ಲಿ ಹಲವರು ಕೇಳಿರಬಹುದು. ಅಬೂದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿ ಅದು ಉಲ್ಲೇಖಗೊಂಡಿದೆ. ಅದರ ವರದಿಗಾರರ ಸರಪಳಿಯ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ ಎಂಬುದನ್ನೂ ಹೇಳಿಬಿಡುವುದು ಪ್ರಾಮಾಣಿಕತೆ. ಗಿಫಾರ್ ಗೋತ್ರದ ರಾಫಿಅ್ ಎಂಬ ಬಾಲಕನು ಅನ್ಸಾರರ ಖರ್ಜೂರದ ಮರಗಳಿಗೆ ಕಲ್ಲೆಸೆಯುತ್ತಿದ್ದನು. ತೋಟದವರಿಗೆ ಅದು ಸಣ್ಣ ವಿಷಯವಲ್ಲ. ಮದೀನಾದವರ ಬದುಕೇ ಆ ಮರಗಳನ್ನು ಅವಲಂಬಿಸಿತ್ತು. ಅವರು ಅವನನ್ನು ಹಿಡಿದು ಪ್ರವಾದಿ(ಸ)ಯವರ ಸನ್ನಿಧಿಗೆ ತಂದು ನಿಲ್ಲಿಸಿದರು. ಆ ಕ್ಷಣವನ್ನು ಸ್ವಲ್ಪ ಊಹಿಸಿಕೊಳ್ಳಿ. ಸುತ್ತಲೂ ಕೋಪಗೊಂಡ ದೊಡ್ಡವರು, ನಡುವೆ ಒಬ್ಬ ಹುಡುಗ. ಎಲ್ಲರೂ ತೀರ್ಪಿಗಾಗಿ ಕಾಯುತ್ತಿದ್ದಾರೆ. ಪ್ರವಾದಿ(ಸ)ಯವರು ಅವನನ್ನೇ ಕೇಳಿದರು, ಮರಕ್ಕೆ ಕಲ್ಲೇಕೆ ಎಸೆಯುತ್ತೀ ಎಂದು. ತಿನ್ನುವುದಕ್ಕಾಗಿ ಎಂದ ಹುಡುಗ. ಕಲ್ಲು ಎಸೆಯಬೇಡ, ಕೆಳಗೆ ತಾನಾಗಿ ಬಿದ್ದುದನ್ನು ತಿನ್ನು ಎಂದು ಹೇಳಿ, ಅವನ ತಲೆ ಸವರಿ, ಅವನ ಹೊಟ್ಟೆ ತುಂಬಲಿ ಎಂದು ಅಲ್ಲಾಹನಲ್ಲಿ ಪ್ರಾರ್ಥಿಸಿದರು.

ಈ ಘಟನೆಯನ್ನು ನಮ್ಮ ಮಿಂಬರ್‌ಗಳಿಂದ ಪ್ರವಾದಿ(ಸ)ಯವರ ಕರುಣೆಯ ಉದಾಹರಣೆಯೆಂದು ಹೇಳಿ, ಕಣ್ಣೊರೆಸಿಕೊಂಡು ಮುಂದೆ ಹೋಗುತ್ತೇವೆ. ಅಷ್ಟಕ್ಕೇ ಬಿಡಬಾರದು. ಇದರಲ್ಲಿ ಒಂದು ಕಾರ್ಯವಿಧಾನ ಅಡಗಿದೆ. ಮೊದಲು ಪ್ರಶ್ನೆ ಕೇಳಲಾಯಿತು. ಅದನ್ನು ತೋಟದವರಲ್ಲಿ ಕೇಳಲಿಲ್ಲ, ಹುಡುಗನಲ್ಲೇ ಕೇಳಿದರು. ಅವನು ಕೊಟ್ಟ ಉತ್ತರವನ್ನು ನಂಬಲಾಯಿತು. ತಪ್ಪನ್ನು ತಪ್ಪೆಂದೇ ಹೇಳಲಾಯಿತು, ತೋಟದವರ ಹಕ್ಕನ್ನು ಮರೆಯಲಿಲ್ಲ. ಆದರೆ ಎಸೆಯಬೇಡ ಎಂಬ ಮಾತಿನ ಜೊತೆಗೇ ಹಸಿವಿಗೆ ಒಂದು ದಾರಿಯನ್ನೂ ತೋರಿಸಲಾಯಿತು. ನಾವು ಮನೆಯಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ. ‘ಬೇಡ’ ಎಂಬ ಮಾತನ್ನು ದಿನಕ್ಕೆ ನೂರು ಸಲ ಹೇಳುತ್ತೇವೆ. ಹಾಗಾದರೆ ಏನು ಮಾಡಲಿ ಎಂಬ ಪ್ರಶ್ನೆಗೆ ಮಗುವಿನ ಮುಂದೆ ಉತ್ತರವೇ ಇರುವುದಿಲ್ಲ. ಹಸಿವು ಇದ್ದಲ್ಲೇ ಇರುತ್ತದೆ, ಕಲ್ಲೂ ಇದ್ದಲ್ಲೇ ಇರುತ್ತದೆ. ನಾವು ಬೆನ್ನು ತಿರುಗಿಸಿದರೆ ಸಾಕು.

ವಸ್ತುತಃ ಮಕ್ಕಳ ಕೆಟ್ಟ ವರ್ತನೆ ಎಂದು ನಾವು ಕರೆಯುವುದರ ಬಹುಭಾಗ, ಹೇಳಲು ಬಾರದ ಮಾತು. ಎರಡು ವರ್ಷದ ಮಗುವಿಗೆ ಕೋಪ ಬರುತ್ತದೆ, ಅದನ್ನು ಹೇಳುವ ಪದ ಇರುವುದಿಲ್ಲ. ಅದು ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಹತ್ತು ವರ್ಷದ ಹುಡುಗನಿಗೆ ಪದ ಇರುತ್ತದೆ, ಧೈರ್ಯ ಇರುವುದಿಲ್ಲ. ಹದಿನಾಲ್ಕರ ಹುಡುಗಿಗೆ ಎರಡೂ ಇರುತ್ತದೆ, ಕೇಳುವವರು ಇರುವುದಿಲ್ಲ. ಇಂದಿನ ವಿಜ್ಞಾನವೂ ಇದಕ್ಕೆ ಪೂರಕವಾದುದನ್ನೇ ಹೇಳುತ್ತದೆ. ಆವೇಶವನ್ನು ತಡೆದು, ಮುಂದಿನದನ್ನು ಯೋಚಿಸಿ ನಡೆಯಲು ಬೇಕಾದ ಮೆದುಳಿನ ಭಾಗ ಹಣೆಯ ಹಿಂಬದಿಯಲ್ಲಿದೆ. ಅದು ಪೂರ್ಣವಾಗಿ ಬೆಳೆಯಲು ಇಪ್ಪತ್ತರ ನಡುಪ್ರಾಯದವರೆಗೂ ಸಮಯ ಬೇಕು. ಐದು ವರ್ಷದ ಮಗು ನಮ್ಮನ್ನು ಅವಮಾನಿಸುವ ಉದ್ದೇಶದಿಂದಲೇ ಮದುವೆ ಹಾಲ್‌ನಲ್ಲಿ ಅರಚುತ್ತದೆ ಎಂದು ನಾವು ಭಾವಿಸುತ್ತೇವೆ. ಅಂತಹ ಸಂಚು ಹೂಡುವ ಸಾಮರ್ಥ್ಯ ಆ ವಯಸ್ಸಿಗೆ ಇರುವುದಿಲ್ಲ. ಅದಕ್ಕೆ ನಿದ್ದೆ ಬಂದಿರುತ್ತದೆ, ಅಷ್ಟೆ. ಅಮೇರಿಕದ ಮನಶ್ಶಾಸ್ತ್ರಜ್ಞ ರಾಸ್ ಗ್ರೀನ್ ಎಂಬವರು 1998ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಸ್ಫೋಟಗೊಳ್ಳುವ ಮಕ್ಕಳ ಕುರಿತು ಚರ್ಚಿಸಿದ್ದಾರೆ. ಅವರ ವಾದದ ತಿರುಳು, ಇಂತಹ ಮಕ್ಕಳಿಗೆ ಕೊರತೆಯಿರುವುದು ಇಚ್ಛೆಯದ್ದಲ್ಲ, ಕೌಶಲ್ಯದ್ದು ಎಂದು. ಓದಲು ಬಾರದ ಮಗುವಿಗೆ ನಾವು ಅಕ್ಷರ ಕಲಿಸುತ್ತೇವೆ. ಕೋಪ ತಡೆಯಲು ಬಾರದ ಮಗುವಿಗೆ ಮಾತ್ರ ಏಟು ಕೊಡುತ್ತೇವೆ.

ಈಗ ನಮ್ಮದೇ ಒಂದು ನೆನಪು. ಇದನ್ನು ಹೇಳಲು ನಮಗೆ ಸಂಕೋಚವಿದೆ, ಆದರೂ ಹೇಳಬೇಕು.

ನಾವು ಕಲಿತ ಮದ್ರಸಗಳಲ್ಲೊಂದರಲ್ಲಿ, ನಮಗೆ ಹನ್ನೆರಡು ವರ್ಷವಿದ್ದಾಗ, ಜೊತೆಗೆ ಒಬ್ಬ ಹುಡುಗನಿದ್ದ. ಪಾಠ ಒಪ್ಪಿಸಲು ಕರೆದರೆ ಅವನು ಬೇಗ ಬರುತ್ತಿರಲಿಲ್ಲ. ಹೇಳಿಕೊಟ್ಟ ಆಯತನ್ನು ತಪ್ಪಾಗಿ ಉಚ್ಚರಿಸುತ್ತಿದ್ದ. ಸೀನ್ ಮತ್ತು ಸಾದ್‌ಗಳ ವ್ಯತ್ಯಾಸ ಅವನ ನಾಲಗೆಗೆ ಹತ್ತುತ್ತಲೇ ಇರಲಿಲ್ಲ. ಕೆಲವೊಮ್ಮೆ ಉಸ್ತಾದರು ಗದರಿಸುವಾಗ ಅವನ ಮುಖದಲ್ಲಿ ಒಂದು ಅರ್ಥವಿಲ್ಲದ ನಗು ಇರುತ್ತಿತ್ತು. ಅದೇ ಅವನ ದೊಡ್ಡ ಅಪರಾಧವಾಯಿತು. ಮೊಂಡ, ಅಹಂಕಾರಿ ಎಂಬ ಹೆಸರು ಬಂತು. ಹಿಂದಿನ ಸಾಲಿಗೆ ಕಳಿಸಲಾಯಿತು. ಅಲ್ಲಿ ಕುಳಿತ ಮೇಲೆ ಅವನ ಸ್ಥಿತಿ ಇನ್ನಷ್ಟು ಹದಗೆಟ್ಟಿತು. ಪ್ರತಿದಿನವೆಂಬಂತೆ ಅಂಗೈಗೆ ಏಟು ಬೀಳುತ್ತಿತ್ತು. ಕಪಾಟಿನ ಮೇಲಿನಿಂದ ಬೆತ್ತ ತಂದುಕೊಡುವ ಕೆಲಸ ಚೆನ್ನಾಗಿ ಓದುವ ಹುಡುಗನದು. ಆ ಹುಡುಗ ನಾವೇ. ಸತ್ಯ ಹೇಳುವುದಾದರೆ, ಅದು ನಮಗೆ ಹೆಮ್ಮೆಯ ಕೆಲಸವಾಗಿತ್ತು.

ಒಂದೂವರೆ ವರ್ಷದಲ್ಲಿ ಅವನು ಓದು ಬಿಟ್ಟ. ಎಷ್ಟೋ ವರ್ಷಗಳ ನಂತರ ಒಂದು ಮದುವೆಯಲ್ಲಿ ಸಿಕ್ಕಿದ. ಊಟದ ಮೇಜಿನಲ್ಲಿ ಪಕ್ಕದಲ್ಲೇ ಕುಳಿತೆವು. ಮಾತಾಡುವಾಗಲೆಲ್ಲ ಅವನು ತಲೆ ಓರೆಮಾಡಿ ಬಲಗಿವಿಯನ್ನು ನಮ್ಮತ್ತ ತಿರುಗಿಸುತ್ತಿದ್ದ. ವಿಚಾರಿಸಿದಾಗ ತಿಳಿದದ್ದು, ಎಡಗಿವಿ ಬಾಲ್ಯದಿಂದಲೇ ಕೇಳಿಸುತ್ತಿರಲಿಲ್ಲ, ಬಲಗಿವಿಯೂ ಅರ್ಧ ಮಾತ್ರ. ದುಡಿಯಲು ಹೋದ ಊರಿನಲ್ಲಿ ಒಂದು ವೈದ್ಯಕೀಯ ಶಿಬಿರದಲ್ಲಿ ಅದು ಪತ್ತೆಯಾಯಿತಂತೆ. ಆ ನಗು? ಕೇಳಿಸದವನು ಎದುರಿನವರ ಮುಖ ನೋಡಿ ಏನಾದರೊಂದು ಪ್ರತಿಕ್ರಿಯೆ ತೋರಬೇಕಲ್ಲ, ಅದಕ್ಕಾಗಿ ನಗುತ್ತಿದ್ದ. ನಾವು ಕ್ಷಮೆ ಕೇಳಿದೆವು. ಅವನು ಕೈ ಬೀಸಿ, ಬಿಡು ಮಾರಾಯ, ಆಗ ಯಾರಿಗೆ ಗೊತ್ತಿತ್ತು ಎಂದ. ಉಸ್ತಾದರ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಆದರೆ ತನ್ನ ಇಬ್ಬರು ಗಂಡು ಮಕ್ಕಳನ್ನು ಯಾವ ಮದ್ರಸಕ್ಕೂ ಸೇರಿಸಿಲ್ಲವೆಂದು ಆಮೇಲೆ ಬೇರೆಯವರಿಂದ ತಿಳಿಯಿತು.

ಆ ಉಸ್ತಾದರು ಕೆಟ್ಟವರಾಗಿರಲಿಲ್ಲ. ಸಣ್ಣ ಸಂಬಳದಲ್ಲಿ, ಒಂದೇ ಕೋಣೆಯಲ್ಲಿ, ನಾಲ್ಕು ದರ್ಜೆಯ ಮಕ್ಕಳನ್ನು ಸಂಭಾಳಿಸುತ್ತಿದ್ದರು. ಅವರಿಗೂ ಅವರ ಉಸ್ತಾದರಿಂದ ಸಿಕ್ಕಿದ್ದು ಅದೇ ಬೆತ್ತ. ನಮ್ಮ ಮದ್ರಸಗಳ ಪಠ್ಯಕ್ರಮದ ಬಗ್ಗೆ ಎಷ್ಟೊಂದು ಚರ್ಚೆಗಳು ನಡೆಯುತ್ತವೆ. ಕಲಿಸುವವರಿಗೆ ಮಗುವನ್ನು ಅರಿಯುವ ತರಬೇತಿ ಎಲ್ಲಿದೆ ಎಂಬ ಪ್ರಶ್ನೆಯನ್ನು ಜಮಾಅತ್ ಸಮಿತಿಗಳು ಕೇಳಿಕೊಳ್ಳುವುದೇ ಇಲ್ಲ. ಮಿನಾರಕ್ಕೆ ಬಣ್ಣ ಹೊಡೆಸುವ ಠರಾವು ಐದು ನಿಮಿಷದಲ್ಲಿ ಪಾಸಾಗುತ್ತದೆ.

ಇಲ್ಲಿ ಕೆಲವರು ಮನಸ್ಸಿನಲ್ಲಿ ಒಂದು ಆಕ್ಷೇಪ ಇಟ್ಟುಕೊಂಡಿರುತ್ತಾರೆ ಎಂದು ನಮಗೆ ಗೊತ್ತು. ಏಳನೆಯ ವಯಸ್ಸಿನಲ್ಲಿ ನಮಾಝಿಗೆ ಆದೇಶಿಸಬೇಕು, ಹತ್ತನೆಯ ವಯಸ್ಸಿನಲ್ಲಿ ಮಾಡದಿದ್ದರೆ ಹೊಡೆಯಬೇಕು ಎಂಬ ಹದೀಸ್ ಇದೆಯಲ್ಲ ಎಂದು. ಇದೆ, ಅಬೂದಾವೂದ್‌ನಲ್ಲಿದೆ. ಆ ಹದೀಸ್‌ನ್ನು ಪೂರ್ತಿ ಓದೋಣ. ಏಳರಿಂದ ಹತ್ತರವರೆಗೆ ಮೂರು ವರ್ಷ. ದಿನಕ್ಕೆ ಐದು ಹೊತ್ತು. ಲೆಕ್ಕ ಹಾಕಿದರೆ ಐದು ಸಾವಿರಕ್ಕೂ ಹೆಚ್ಚು ಸಲ ಮಗುವನ್ನು ಮೃದುವಾಗಿ ಕರೆದು, ಪಕ್ಕದಲ್ಲಿ ನಿಲ್ಲಿಸಿಕೊಂಡು, ಜೊತೆಗೆ ನಮಾಝ್ ಮಾಡಿದ ತಂದೆಗೆ ಆ ಮಾತಿನ ಎರಡನೆಯ ಭಾಗದ ಪ್ರಸ್ತಾಪ ಬರುತ್ತದೆ. ನಮ್ಮಲ್ಲಿ ಎಷ್ಟು ಮಂದಿ ಆ ಮೊದಲ ಭಾಗವನ್ನು ಪೂರೈಸಿದ್ದೇವೆ? ಇನ್ನು ಫುಕಹಾಗಳು ಇದಕ್ಕೆ ಹಾಕಿರುವ ಕಟ್ಟುಪಾಡುಗಳನ್ನು ನೋಡಿ. ಮುಖಕ್ಕೆ ಹೊಡೆಯಬಾರದು, ಗುರುತು ಮೂಡಬಾರದು, ಕೋಪದಲ್ಲಿ ಹೊಡೆಯಬಾರದು. ಕೋಪವಿಲ್ಲದೆ ಮಗುವಿಗೆ ಹೊಡೆದ ತಂದೆಯನ್ನು ನಾವಂತೂ ಈವರೆಗೆ ಕಂಡಿಲ್ಲ. ಈ ಮಾತನ್ನು ಕಲಿಸಿದ ಪ್ರವಾದಿ(ಸ)ಯವರೇ ಯುದ್ಧಭೂಮಿಯ ಹೊರಗೆ ಯಾವ ಸ್ತ್ರೀಗಾಗಲಿ ಸೇವಕನಿಗಾಗಲಿ ಕೈ ಎತ್ತಿದವರಲ್ಲ ಎಂದು ಅವರ ಪತ್ನಿ ಆಯಿಶಾ(ರ) ಸಾಕ್ಷ್ಯ ನುಡಿದಿದ್ದಾರೆ. ನಮಾಝಿನ ಕುರಿತ ಒಂದು ಹದೀಸ್‌ನ್ನು ಹಿಡಿದು, ಹಾಲು ಚೆಲ್ಲಿದ್ದಕ್ಕೂ ಗಣಿತದಲ್ಲಿ ಅಂಕ ಕಡಿಮೆ ಬಂದದ್ದಕ್ಕೂ ಹೊಡೆಯುವ ಪರವಾನಗಿ ಮಾಡಿಕೊಂಡಿದ್ದೇವೆ.

ಅನಸ್(ರ)ರ ಅನುಭವ ಇದಕ್ಕೆ ತದ್ವಿರುದ್ಧ. ಹತ್ತರ ಪ್ರಾಯದಲ್ಲಿ ಅವರು ಪ್ರವಾದಿ(ಸ)ಯವರ ಮನೆಗೆ ಸೇವೆಗೆ ಬಂದರು, ಹತ್ತು ವರ್ಷ ಇದ್ದರು. ಅಷ್ಟು ಕಾಲದಲ್ಲಿ ಒಮ್ಮೆಯೂ ಬೇಸರದ ಒಂದು ಉದ್ಗಾರವನ್ನೂ ಕೇಳಲಿಲ್ಲ ಎಂದು ಅವರೇ ಹೇಳಿದ್ದಾರೆ. ಅನಸರು ಎಂದೂ ತಪ್ಪು ಮಾಡದ ಬಾಲಕರಾಗಿದ್ದರೆಂದು ಇದರ ಅರ್ಥವಲ್ಲ. ಒಮ್ಮೆ ಒಂದು ಕೆಲಸಕ್ಕೆ ಕಳುಹಿಸಿದಾಗ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳ ಬಳಿ ನಿಂತುಬಿಟ್ಟಿದ್ದರು. ಸ್ವಲ್ಪ ಹೊತ್ತಿನಲ್ಲಿ ಹಿಂದಿನಿಂದ ಯಾರೋ ಕುತ್ತಿಗೆ ಹಿಡಿದರು. ತಿರುಗಿ ನೋಡಿದರೆ ಪ್ರವಾದಿ(ಸ)ಯವರು, ಮುಖದಲ್ಲಿ ನಗು. ಮುದ್ದಿನ ಹೆಸರಿನಿಂದ ಕರೆದು, ಹೇಳಿದಲ್ಲಿಗೆ ಹೋದೆಯಾ ಎಂದಷ್ಟೇ ವಿಚಾರಿಸಿದರು. ಈಗ ಹೋಗುತ್ತೇನೆ ಎಂದರು ಅನಸ್. ಆ ಬಾಲಕ ಮುಂದೆ ಅತಿ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಸಹಾಬಿಗಳಲ್ಲಿ ಒಬ್ಬರಾದರು. ಭಯಪಟ್ಟವನು ಇಷ್ಟೊಂದನ್ನು ಇಷ್ಟು ಪ್ರೀತಿಯಿಂದ ನೆನಪಿಟ್ಟುಕೊಳ್ಳಲಾರ.

ಹೊಡೆತದಿಂದ ಮಗು ಏನಾಗುತ್ತದೆ ಎಂದು ಹದಿನಾಲ್ಕನೆಯ ಶತಮಾನದಲ್ಲೇ ಇಬ್ನು ಖಲ್ದೂನ್ ವಿವರವಾಗಿ ಬರೆದಿದ್ದಾರೆ. 1332ರಲ್ಲಿ ತುನಿಸ್ ನಗರದಲ್ಲಿ ಹುಟ್ಟಿದ ಈ ಇತಿಹಾಸಕಾರ ತಮ್ಮ ‘ಮುಖದ್ದಿಮ’ದಲ್ಲಿ ವಿದ್ಯಾರ್ಥಿಗಳ ಮೇಲಿನ ಕಠೋರತೆಯ ಹಾನಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ದಬ್ಬಾಳಿಕೆಯಲ್ಲಿ ಬೆಳೆದವನ ಉತ್ಸಾಹ ಕುಗ್ಗುತ್ತದೆ, ಅವನು ಸೋಮಾರಿಯಾಗುತ್ತಾನೆ, ಏಟಿನ ಭಯದಿಂದ ಒಳಗೊಂದು ಹೊರಗೊಂದು ತೋರಿಸಲು ಕಲಿಯುತ್ತಾನೆ, ಕಡೆಗೆ ಕಪಟವೇ ಅವನ ಸ್ವಭಾವವಾಗುತ್ತದೆ ಎಂಬುದು ಅವರ ವಾದ. ಅಂದರೆ, ನಮ್ಮ ಚೀಟಿಗಳಲ್ಲಿ ಬಂದ ‘ಸುಳ್ಳು ಹೇಳುತ್ತಾನೆ’ ಎಂಬ ದೂರಿಗೆ ಆರುನೂರು ವರ್ಷಗಳ ಹಿಂದೆಯೇ ಉತ್ತರ ಬರೆದಿಡಲಾಗಿದೆ. ಅವರು ಹುಟ್ಟಿದ ಟ್ಯುನೀಷ್ಯಾ ದೇಶ 2010ರಲ್ಲಿ ಹೆತ್ತವರೂ ಮಕ್ಕಳಿಗೆ ಹೊಡೆಯಬಾರದೆಂದು ಕಾನೂನು ತಿದ್ದಿತು. 1979ರಲ್ಲಿ ಸ್ವೀಡನ್ ಆರಂಭಿಸಿದ ಈ ಹಾದಿಯಲ್ಲಿ ಇಂದು 60ಕ್ಕೂ ಹೆಚ್ಚು ದೇಶಗಳಿವೆ. ಎಲಿಜಬೆತ್ ಗೆರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್ ಕೇಲರ್ ಎಂಬ ಸಂಶೋಧಕರು ಐದು ದಶಕಗಳ ಅಧ್ಯಯನಗಳನ್ನು, ಸುಮಾರು 1,60,000 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಏಟು ತಿನ್ನುವ ಮಕ್ಕಳಲ್ಲಿ ವಿಧೇಯತೆ ಹೆಚ್ಚಿದ್ದು ಕಾಣಲಿಲ್ಲ. ಆಕ್ರಮಣಶೀಲತೆ ಮತ್ತು ಮಾನಸಿಕ ತೊಂದರೆಗಳು ಹೆಚ್ಚಿದ್ದು ಕಂಡಿತು.

ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2012ರ ತಿದ್ದುಪಡಿಯ ಪ್ರಕಾರ ಆ ಕಾಯಿದೆ ಮದ್ರಸಗಳಿಗೂ ವೇದಪಾಠಶಾಲೆಗಳಿಗೂ ಅನ್ವಯಿಸುವುದಿಲ್ಲ. ಇದನ್ನು ಕೆಲವರು ಹೊಡೆಯಲು ಸಿಕ್ಕ ವಿನಾಯಿತಿ ಎಂದು ತಿಳಿದಂತಿದೆ. ಅದು ತಪ್ಪು. 2015ರ ಬಾಲನ್ಯಾಯ ಕಾಯಿದೆಯ 75ನೇ ಸೆಕ್ಷನ್, ಮಗುವಿನ ಹೊಣೆ ಹೊತ್ತ ಯಾರೇ ಕ್ರೌರ್ಯ ಎಸಗಿದರೂ ಅನ್ವಯವಾಗುತ್ತದೆ, ಮೂರು ವರ್ಷದವರೆಗೆ ಸೆರೆವಾಸವಿದೆ. ಆದರೆ ಕಾನೂನಿನ ಭಯದಿಂದ ನಾವು ಸುಧಾರಿಸಬೇಕಾಗಿ ಬಂದರೆ ಅದು ನಮಗೆ ನಾಚಿಕೆಗೇಡು.

ಇನ್ನು ಮನೆಯ ಕಡೆಗೆ ಬರೋಣ. ಮಗುವಿನ ಹಸಿವು ಯಾವುದು ಎಂದು ಹುಡುಕಬೇಕೆಂದು ಹೇಳಿದೆವಲ್ಲ. ನಮ್ಮ ಪಟ್ಟಣಗಳ ಮುಸ್ಲಿಮ್ ಮನೆಗಳಲ್ಲಿ ಕೆಲವು ಹಸಿವುಗಳು ವಿಶೇಷವಾದವು. ಕರಾವಳಿಯ ಎಷ್ಟೋ ಮನೆಗಳಲ್ಲಿ ತಂದೆ ಗಲ್ಫ್‌ನಲ್ಲಿರುತ್ತಾರೆ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಮಗುವಿಗೆ ತಂದೆಯೆಂದರೆ ಮೊಬೈಲ್ ಪರದೆಯಲ್ಲಿನ ಮುಖ ಮತ್ತು ಚಾಕ್ಲೇಟಿನ ಡಬ್ಬ. ಉಳಿದ ದಿನಗಳಲ್ಲಿ ತಾಯಿ ಆ ಹೆಸರನ್ನು ಬೆದರಿಕೆಗೆ ಬಳಸುತ್ತಾಳೆ, ಅಬ್ಬ ಬರಲಿ, ನಿನಗಿದೆ ಎಂದು. ಅಬ್ಬ ಬಂದಾಗ ಮಗು ಅಡಗಿಕೊಳ್ಳುತ್ತದೆ. ಎರಡು ವರ್ಷ ಮರುಭೂಮಿಯಲ್ಲಿ ಬೆವರು ಹರಿಸಿ ಬಂದವನಿಗೆ ಅದು ಎದೆಗೆ ಇರಿದಂತಾಗುತ್ತದೆ. ಅವನೂ ಗದರಿಸುತ್ತಾನೆ. ರಜೆ ಮುಗಿಯುತ್ತದೆ. ಇದರಲ್ಲಿ ಯಾರನ್ನು ದೂರುವುದು? ಒಂಟಿಯಾಗಿ ಮೂರು ಮಕ್ಕಳನ್ನೂ ಅತ್ತೆಯನ್ನೂ ನೋಡಿಕೊಳ್ಳುವ ಆ ತಾಯಿಯನ್ನೇ? ಮಡಿಲಲ್ಲಿ ಬೀಡಿ ಎಲೆಯ ಮೊರ ಇಟ್ಟುಕೊಂಡು, ಸಂಜೆಯೊಳಗೆ ಸಾವಿರ ಬೀಡಿ ಮುಗಿಸಬೇಕಾದ ಇನ್ನೊಬ್ಬಳನ್ನೇ? ಅವಳ ಕೈಗೆ ಬಿಡುವಿಲ್ಲ, ಮಗುವಿನ ಕೈಗೆ ಮೊಬೈಲ್ ಕೊಡುತ್ತಾಳೆ. ಅದನ್ನು ಕಿತ್ತುಕೊಂಡಾಗ ತಟ್ಟೆ ಹಾರುತ್ತದೆ. ಮಗುವಿನ ಮೇಲೆ ಕರುಣೆ ಇರಲಿ ಎಂದು ಈ ವೇದಿಕೆಯಿಂದ ಹೇಳುವುದು ಸುಲಭ. ಆ ತಾಯಿಯ ಮೇಲೆ ಕರುಣೆ ತೋರಿಸುವವರು ಯಾರು? ಸಂಜೆ ಒಂದು ತಾಸು ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯುವ ಮಾವ, ಚಿಕ್ಕಪ್ಪ, ನೆರೆಮನೆಯ ಯುವಕ ಇದ್ದರೆ ಅರ್ಧ ಹಠ ಅಲ್ಲೇ ಇಳಿಯುತ್ತದೆ.

ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಿಂದ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಕಿರಿಯ ತರಗತಿಗಳು ಮುಚ್ಚಿದ್ದವು. ಆಗ ಒಂದನೆ, ಎರಡನೆ ತರಗತಿಯಲ್ಲಿದ್ದವರು ಇಂದು ಹದಿಹರೆಯದ ಹೊಸ್ತಿಲಲ್ಲಿದ್ದಾರೆ. ಜೊತೆಗಾರರೊಂದಿಗೆ ಜಗಳವಾಡಿ ರಾಜಿಯಾಗುವುದನ್ನು ಕಲಿಯಬೇಕಾದ ವಯಸ್ಸಿನಲ್ಲಿ ಅವರು ನಾಲ್ಕು ಗೋಡೆಗಳ ನಡುವೆ ಇದ್ದರು.

ಇನ್ನೊಂದು ಸಂಗತಿಯನ್ನು ನಾವು ಮನೆಯೊಳಗೆ ಮಾತಾಡುವುದೇ ಇಲ್ಲ. ಹೊರಗಿನ ವಾತಾವರಣ ಮಗುವಿನ ಚೀಲದೊಳಗೆ ಕುಳಿತು ಮನೆಗೆ ಬರುತ್ತದೆ. 2022ರ ಫೆಬ್ರವರಿಯಲ್ಲಿ ಕಾಲೇಜು ಗೇಟುಗಳ ಮುಂದೆ ಸ್ಕಾರ್ಫ್ ಧರಿಸಿದ ಹುಡುಗಿಯರನ್ನು ತಡೆದು ನಿಲ್ಲಿಸಿದ ದೃಶ್ಯಗಳನ್ನು ಅವರ ತಮ್ಮಂದಿರೂ ತಂಗಿಯರೂ ಟಿವಿಯಲ್ಲಿ ನೋಡಿದರು. ಅಕ್ಕ ಅಳುತ್ತಾ ಮನೆಗೆ ಬಂದದ್ದನ್ನು ಕಂಡ ಎಂಟು ವರ್ಷದ ಹುಡುಗ ಅದನ್ನು ಯಾರಲ್ಲಿ ಹೇಳಿಕೊಳ್ಳಬೇಕು? ತರಗತಿಯಲ್ಲಿ ಹೆಸರು ಹಿಡಿದು ಅಣಕಿಸಿದರೆ, ಬೇರೆ ದೇಶಕ್ಕೆ ಹೋಗು ಎಂದರೆ, ಅವನು ಅಲ್ಲಿ ಸುಮ್ಮನಿರುತ್ತಾನೆ. ಅಲ್ಲಿ ಸುಮ್ಮನಿದ್ದುದಕ್ಕೆ ಮನೆಯಲ್ಲಿ ಸಿಡಿಯುತ್ತಾನೆ. ಮನೆ ಮಾತ್ರ ಅವನಿಗೆ ಸಿಡಿಯಲು ಭಯವಿಲ್ಲದ ಜಾಗ. ಅಲ್ಲೂ ಏಟು ಕಾದಿದ್ದರೆ?

ನಮ್ಮ ಮನೆಯ ವಿಷಯ ಹೇಳುತ್ತೇವೆಂದಿದ್ದೆವು. ನಮ್ಮ ಹಿರಿಯ ಮಗನಿಗೆ ಎಂಟು ವರ್ಷವಿದ್ದಾಗ ಏಕಾಏಕಿ ಬದಲಾದ. ಬೆಳಿಗ್ಗೆ ಸಮವಸ್ತ್ರ ಹಾಕಿಕೊಳ್ಳಲು ಒಲ್ಲೆನೆನ್ನುವುದು, ಬೂಟು ಬಿಸಾಡುವುದು, ಕಾರಣವಿಲ್ಲದೆ ತಂಗಿಯನ್ನು ತಳ್ಳುವುದು. ಎರಡು ವಾರ ಉಪದೇಶ ಮಾಡಿದೆವು. ಉಪದೇಶ ಮಾಡುವುದೇ ನಮ್ಮ ವೃತ್ತಿಯಲ್ಲವೇ! ಮೂರನೆಯ ವಾರ, ಪತ್ರಿಕೆಯ ಪುಟಗಳು ಮುದ್ರಣಕ್ಕೆ ಹೋಗಬೇಕಾದ ದಿನ, ಅವನು ಬೂಟನ್ನು ಕಿಟಕಿಯಿಂದ ಹೊರಕ್ಕೆ ಎಸೆದ. ನಾವು ಕೆನ್ನೆಗೆ ಒಂದು ಬಾರಿಸಿದೆವು. ನಿನಗೆ ಬುದ್ಧಿ ಯಾವಾಗ ಬರುತ್ತದೆ ಎಂದು ಕೂಗಿದೆವು. ಮನೆ ಮೌನವಾಯಿತು. ಅವನು ಬೂಟು ಹಾಕಿಕೊಂಡು ಶಾಲೆಗೆ ಹೋದ. ಪರಿಣಾಮಕಾರಿ ಎಂದುಕೊಂಡೆವು.

ಸಂಜೆ ಮನೆಗೆ ಬಂದಾಗ, ಪಕ್ಕದ ಕೋಣೆಯಲ್ಲಿ ಅವನು ನಾಲ್ಕು ವರ್ಷದ ತಂಗಿಯ ಮುಂದೆ ನಿಂತಿದ್ದ. ಅವಳು ಅವನ ಬಣ್ಣದ ಪೆನ್ಸಿಲ್ ಮುರಿದಿದ್ದಳು. ಅವನು ಅವಳ ಕೆನ್ನೆಗೆ ಹೊಡೆದ, ನಿನಗೆ ಬುದ್ಧಿ ಯಾವಾಗ ಬರುತ್ತದೆ ಎಂದು ಕೂಗಿದ. ಅದೇ ಕೈ, ಅದೇ ಧ್ವನಿಯ ಏರಿಳಿತ. ಬಾಗಿಲ ಬಳಿ ನಿಂತಿದ್ದ ನಮಗೆ ಒಳಗೆ ಕಾಲಿಡಲು ಆಗಲಿಲ್ಲ.

ಅಂದು ರಾತ್ರಿ ಅವನ ಕ್ಷಮೆ ಕೇಳಿದೆವು. ತಂದೆ ಮಗನ ಕ್ಷಮೆ ಕೇಳಿದರೆ ಗೌರವ ಹೋಗುತ್ತದೆ ಎನ್ನುವವರಿದ್ದಾರೆ. ನಮ್ಮ ಅನುಭವದಲ್ಲಿ ಹಾಗಾಗಲಿಲ್ಲ. ಆದರೆ ಸಿನೆಮಾದಲ್ಲಿ ಆಗುವಂತೆ ಅವನು ಅಪ್ಪಿಕೊಂಡು ಎಲ್ಲವನ್ನೂ ಹೇಳಿಬಿಡಲೂ ಇಲ್ಲ. ಗೋಡೆಯ ಕಡೆ ತಿರುಗಿ ಮಲಗಿದ. ಎಂಟು ಹತ್ತು ದಿನ ಹಾಗೆಯೇ ಕಳೆಯಿತು. ಒಂದು ಸಂಜೆ ಬೈಕಿನಲ್ಲಿ ಹಿಂದೆ ಕುಳ್ಳಿರಿಸಿಕೊಂಡು ಹಾಲು ತರಲು ಹೋಗುತ್ತಿದ್ದಾಗ, ನಮ್ಮ ಬೆನ್ನಿಗೆ ಮುಖ ಒತ್ತಿಕೊಂಡು ಅವನೇ ಹೇಳಿದ. ಶಾಲೆಗೆ ಹೋಗುವ ಆಟೋದಲ್ಲಿ ದೊಡ್ಡ ತರಗತಿಯ ಇಬ್ಬರು ಹುಡುಗರು ದಿನವೂ ಅವನ ಬೂಟು ಕಳಚಿ ಕಾಲಡಿಗೆ ಹಾಕಿ ಆಡುತ್ತಿದ್ದರಂತೆ. ಶಾಲೆ ಬರುವವರೆಗೂ ಕೊಡುತ್ತಿರಲಿಲ್ಲವಂತೆ. ಹಾಗಾಗಿ ಬೂಟು. ನಾವು ಇಷ್ಟು ದಿನ ಬೂಟಿಗಾಗಿಯೇ ಅವನೊಂದಿಗೆ ಯುದ್ಧ ಮಾಡಿದ್ದೆವು. ಆಟೋ ಚಾಲಕರಲ್ಲಿ ಮಾತಾಡಿ, ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸುವ ವ್ಯವಸ್ಥೆ ಮಾಡಿದೆವು. ಹತ್ತು ನಿಮಿಷದ ಕೆಲಸ.

ಒಂದು ಸಣ್ಣ ಸೂಚನೆ. ಮಕ್ಕಳನ್ನು ಎದುರು ಕೂರಿಸಿಕೊಂಡು ‘ಹೇಳು, ಏನಾಯಿತು’ ಎಂದರೆ ಅವು ಬಾಯಿ ಬಿಡುವುದಿಲ್ಲ. ಅದು ಪೊಲೀಸ್ ಠಾಣೆಯಂತಾಗುತ್ತದೆ. ಬಟಾಣಿ ಸುಲಿಯುವಾಗ, ಗಿಡಕ್ಕೆ ನೀರು ಹಾಕುವಾಗ, ಬೈಕಿನಲ್ಲಿ ಹೋಗುವಾಗ, ಮುಖಕ್ಕೆ ಮುಖ ಕೊಡದೆ ಜೊತೆಗಿರುವಾಗ ಮಾತು ತಾನಾಗಿ ಬರುತ್ತದೆ.

ಹಾಗಾದರೆ ಮಕ್ಕಳು ಮಾಡಿದ್ದೆಲ್ಲ ಸರಿ ಎನ್ನಬೇಕೇ ಎಂದು ಒಬ್ಬ ಹಿರಿಯರು ಚೀಟಿಯಲ್ಲಿ ಕೇಳಿದ್ದಾರೆ. ಖಂಡಿತ ಇಲ್ಲ. ಕರುಣೆ ಬೇರೆ, ಸಡಿಲು ಬಿಡುವುದು ಬೇರೆ. ಅಬೂಸಲಮರ ಮಗ ಉಮರ್ ಎಂಬ ಬಾಲಕ ಪ್ರವಾದಿ(ಸ)ಯವರ ಆಶ್ರಯದಲ್ಲಿದ್ದ. ಊಟಕ್ಕೆ ಕುಳಿತರೆ ಅವನ ಕೈ ತಟ್ಟೆಯ ಉದ್ದಗಲಕ್ಕೂ ಓಡಾಡುತ್ತಿತ್ತು. ಅದನ್ನು ನೋಡಿಯೂ ಸುಮ್ಮನಿರಲಿಲ್ಲ. ಅಲ್ಲಾಹನ ಹೆಸರು ಹೇಳು, ಬಲಗೈಯಿಂದ ತಿನ್ನು, ನಿನ್ನ ಮುಂದಿರುವುದನ್ನು ತಿನ್ನು ಎಂಬ ಅರ್ಥದಲ್ಲಿ ತಿಳಿಸಿಕೊಟ್ಟರು. ಮೂರೇ ಮಾತು. ಹೊಟ್ಟೆಬಾಕ ಎನ್ನಲಿಲ್ಲ, ನಿನ್ನೆಯ ತಪ್ಪನ್ನು ಎತ್ತಲಿಲ್ಲ, ನೆರೆಮನೆಯ ಹುಡುಗನನ್ನು ಹೋಲಿಕೆಗೆ ತರಲಿಲ್ಲ. ಆಮೇಲೆ ಯಾವಾಗಲೂ ಹಾಗೆಯೇ ಉಣ್ಣುತ್ತಿದ್ದೆ ಎಂದು ಆ ಬಾಲಕನೇ ದೊಡ್ಡವನಾದ ಮೇಲೆ ಹೇಳಿದ್ದಾನೆ.

ತಟ್ಟೆ ಎಸೆಯುವ ಮಗನ ತಾಯಿಗೆ ನಾವು ಹೇಳುವುದು ಇಷ್ಟು. ಆ ಕ್ಷಣದಲ್ಲಿ ಉಪದೇಶ ಬೇಡ. ಕೋಪದ ಶಿಖರದಲ್ಲಿ ಮಗುವಿನ ಕಿವಿ ಮುಚ್ಚಿರುತ್ತದೆ, ತಮ್ಮದೂ ಹಾಗೆಯೇ. ಚಿಕ್ಕವರು ಹತ್ತಿರವಿದ್ದರೆ ಅವರನ್ನು ದೂರ ಸರಿಸಿ. ಮಗು ತನಗೋ ಇತರರಿಗೋ ನೋವು ಮಾಡಿಕೊಳ್ಳುವಂತಿದ್ದರೆ ಗಟ್ಟಿಯಾಗಿ ಹಿಡಿದುಕೊಳ್ಳಿ, ಹೊಡೆಯಬೇಡಿ. ಧ್ವನಿ ತಗ್ಗಿಸಿ. ಕೋಪ ಬಂದಾಗ ನಿಂತವನು ಕುಳಿತುಕೊಳ್ಳಲಿ ಎಂದು ದೊಡ್ಡವರಿಗೆ ಕಲಿಸಿದ ಪ್ರವಾದಿಯ ಅನುಯಾಯಿಗಳು ನಾವು. ತಾವೇ ಮೊದಲು ಕುಳಿತುಬಿಡಿ. ಅವನು ತಣ್ಣಗಾದ ಮೇಲೆ, ಅರ್ಧ ಗಂಟೆಯೋ ಒಂದು ಗಂಟೆಯೋ ಆಗಲಿ, ತಟ್ಟೆಯ ಚೂರುಗಳನ್ನೂ ಅನ್ನವನ್ನೂ ಅವನ ಜೊತೆ ಸೇರಿ ಎತ್ತಿ. ಅದು ಅವನ ಹೊಣೆ, ಅದನ್ನು ಬಿಡಬಾರದು. ಮೊಬೈಲಿನ ಸಮಯವನ್ನು ಆ ದಿನ ಜಗಳದ ನಡುವೆ ತೀರ್ಮಾನಿಸಬೇಡಿ. ಮರುದಿನ ಅವನನ್ನೂ ಕೇಳಿ ನಿಗದಿ ಮಾಡಿ, ಮುಗಿಯುವ ಹತ್ತು ನಿಮಿಷ ಮೊದಲೇ ತಿಳಿಸಿ. ಅದೇ ನಿಯಮ ತಂದೆಗೂ ಇರಲಿ. ಊಟದ ಹೊತ್ತಿನಲ್ಲಿ ವಾಟ್ಸಾಪ್ ನೋಡುವ ತಂದೆಯ ಮಾತಿಗೆ ತೂಕವಿರುವುದಿಲ್ಲ. ಇಷ್ಟೆಲ್ಲ ಮಾಡಿದರೂ ನಾಳೆ ಅವನು ಮತ್ತೆ ಎಸೆಯಬಹುದು. ನಾಡಿದ್ದೂ ಎಸೆಯಬಹುದು. ತಿಂಗಳುಗಳು ಬೇಕು.

ಕೆಲವು ಮಕ್ಕಳಿಗೆ ಇದು ಸಾಲದು. ಮಾತು ತಡವಾದರೆ, ಕರೆದರೆ ತಿರುಗದಿದ್ದರೆ, ಒಂದೆಡೆ ಒಂದು ನಿಮಿಷವೂ ನಿಲ್ಲಲಾಗದಿದ್ದರೆ, ಎಷ್ಟು ಕಲಿಸಿದರೂ ಅಕ್ಷರಗಳು ತಿರುಗುಮುರುಗಾದರೆ, ನಿದ್ದೆಯೂ ಊಟವೂ ಕೆಟ್ಟು ಮಗು ಮೌನವಾದರೆ, ದಯವಿಟ್ಟು ವೈದ್ಯರಿಗೆ ತೋರಿಸಿ. ನಮ್ಮಲ್ಲಿ ಮೊದಲು ತಾಯತ ಕಟ್ಟಿಸುತ್ತಾರೆ, ಜಿನ್ನ್ ಸೋಕಿದೆ ಎಂದು ಮಂತ್ರಿಸುವವರ ಬಳಿಗೆ ಒಯ್ಯುತ್ತಾರೆ, ಅಲ್ಲಿ ಹೊಗೆಯೂ ಕೆಲವೊಮ್ಮೆ ಏಟೂ ಸಿಗುತ್ತದೆ. ಮಗುವಿಗಾಗಿ ದುಆ ಮಾಡಲು ತಾಯಿಗಿಂತ ಯೋಗ್ಯರು ಬೇಕಿಲ್ಲ. ಕಿವಿ ಪರೀಕ್ಷಿಸಲು ಮಾತ್ರ ಯಂತ್ರವೇ ಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಇಂತಹ ತೊಂದರೆಗಳನ್ನು ಗುರುತಿಸಲು ಜಿಲ್ಲಾ ಮಟ್ಟದಲ್ಲಿ ಕೇಂದ್ರಗಳನ್ನು ರೂಪಿಸಲಾಗಿದೆ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವಿದೆ. ಎಲ್ಲಿಗೂ ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ ಅದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸೋತು ಹೋಗಿದ್ದೇನೆ ಎಂದು ಬರೆದ ಆ ತಾಯಿಯೂ ತಮಗಾಗಿಯೇ ಅಲ್ಲಿಗೆ ಕರೆ ಮಾಡಬಹುದು.

ಮದ್ರಸ ಸಮಿತಿಯವರಲ್ಲಿ ಕೊನೆಯದಾಗಿ ಒಂದು ವಿನಂತಿ. ಈ ಸಭಾಂಗಣದ ಪಕ್ಕದ ಕೋಣೆಯಲ್ಲಿ, ಕಪಾಟಿನ ಮೇಲೆ, ಬಿಳಿ ಟೇಪು ಸುತ್ತಿದ ಒಂದು ಬೆತ್ತವನ್ನು ವುಝೂ ಮಾಡಲು ಹೋಗುವಾಗ ನೋಡಿದೆವು. ಉಸ್ತಾದರಿಗೆ ನಾವು ಅಗೌರವ ತೋರುತ್ತಿಲ್ಲ, ಅವರೊಡನೆ ಈ ಬಗ್ಗೆ ಆಗಲೇ ಮಾತಾಡಿದ್ದೇವೆ. ಅದನ್ನು ತೆಗೆದುಬಿಡಲು ಅವರಿಗೆ ಅಡ್ಡಿಯಿಲ್ಲ. ಆದರೆ ಬೆತ್ತವಿಲ್ಲದೆ 60 ಮಕ್ಕಳನ್ನು ಒಬ್ಬನೇ ಹೇಗೆ ನೋಡಿಕೊಳ್ಳಲಿ ಎಂದು ಅವರು ನಮ್ಮನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಇನ್ನೊಬ್ಬ ಅಧ್ಯಾಪಕರನ್ನು ನೇಮಿಸಲು ತಿಂಗಳಿಗೆ ಎಷ್ಟು ಬೇಕಾಗುತ್ತದೆ ಎಂದು ಅಧ್ಯಕ್ಷರೇ ಈಗ ಹೇಳಲಿ, ಎಲ್ಲರೂ ಇಲ್ಲೇ ಇದ್ದೇವೆ. ಮಗ್ರಿಬ್‌ಗೆ ಇನ್ನೂ 20 ನಿಮಿಷವಿದೆ.